ಸೊಂಟ ಇರುವ ಜಾಗ

ಅತ್ತೆಯ ಸೊಂಟ ಎಲ್ಲಿದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಮದುವೆಯಾಗಿ ಬಂದಾಗಿನಿಂದ ಒಂದೇ ಅಡುಗೆಮನೆಯಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು, ಒಂದೇ ಬಚ್ಚಲಿಗೆ ಬೆಳಿಗ್ಗೆ ಸರದಿ ಕಾದು, ಒಬ್ಬನೇ ಗಂಡಸಿನ ಮೇಲೆ ಇಬ್ಬರೂ ದೂರು ಹೇಳಿಕೊಂಡು ಬದುಕಿದ್ದರು. ಅತ್ತೆಯ ಕನ್ನಡಕ ಎಲ್ಲಿದೆ, ಸಿಟ್ಟು ಯಾವ ಮೂಲೆಯಲ್ಲಿ ಕೂತಿದೆ ಎಂದು ಕಣ್ಣು ಕಟ್ಟಿ ಬಿಟ್ಟರೂ ಹೇಳಬಲ್ಲಳು. ಸೊಂಟದ ಮಾತು ಮಾತ್ರ ಯಾವತ್ತೂ ಬಂದಿರಲಿಲ್ಲ. ಅತ್ತೆ ಎಂದರೆ ಕತ್ತಿನಿಂದ ಪಾದದವರೆಗೆ ಇಳಿಬಿದ್ದ ಹೂವಿನ ಚಿತ್ತಾರದ ನಿಲುವಂಗಿ. ಅದರ ಮೇಲೊಂದು ತಲೆ, ಕೆಳಗೆರಡು ಚಪ್ಪಲಿ. ನಡುವೆ ಏನಿದೆ ಎಂದು ಯೋಚಿಸುವುದೇ ಅಪರಾಧ ಅನ್ನಿಸುತ್ತಿತ್ತು. ಈಗ ಭಾನುವಾರ ಬೆಳಿಗ್ಗೆ, ಮಲಗುವ ಕೋಣೆಗೆ ಚಿಲಕ ಹಾಕಿ, ಪರದೆ ಎಳೆದು, ಅತ್ತೆ ಆ ನಿಲುವಂಗಿಯನ್ನು ತಲೆಯ ಮೇಲಿಂದ ಕಿತ್ತು ಮಂಚಕ್ಕೆಸೆದು, ತೆಳು ಬನಿಯನ್ನು ಮತ್ತು ಒಳಲಂಗದಲ್ಲಿ ನಿಂತುಬಿಟ್ಟಿದ್ದರು. ಎಲ್ಲಿ ನೋಡಬೇಕೆಂದು ತಿಳಿಯದೆ ಇವಳು ಗೋಡೆಯ ಗಡಿಯಾರ ನೋಡಿದಳು.

“ಸುಮ್ನೆ ನಿಂತ್ರೆ ಅಳತೆ ಬರುತ್ತಾ? ಟೇಪು ಹಿಡಿ,” ಎಂದರು ಅತ್ತೆ.

ಟೇಪು ಅವಳ ಕೈಯಲ್ಲೇ ಇತ್ತು. ಮಂಚದ ಮೇಲೆ ಕಾರ್ಸೆಟ್ ಎಂಬ, ಸೊಂಟ ಬಿಗಿಯುವ ಒಳ ಉಡುಪು ಹೊಲಿಯುವಾಕೆ ಕೊಟ್ಟ ಹಾಳೆ. ಅದರಲ್ಲಿ ತಲೆಯಿಲ್ಲದ ಹೆಂಗಸಿನ ಚಿತ್ರ, ಮೈತುಂಬ ಬಾಣಗಳು, ಪ್ರತಿ ಬಾಣದ ಎದುರು ಒಂದು ಖಾಲಿ ಜಾಗ. ಎದೆಯ ಸುತ್ತು, ಎದೆಯ ಕೆಳಗಿನ ಸುತ್ತು, ಸೊಂಟ, ಹೊಟ್ಟೆ, ಪೃಷ್ಠ. ಕಂಕುಳಿಂದ ಸೊಂಟಕ್ಕೆಷ್ಟು, ಕೂತಾಗ ಸೊಂಟದಿಂದ ತೊಡೆ ಮಡಚುವ ಜಾಗಕ್ಕೆಷ್ಟು. ಅಡಿಯಲ್ಲಿ ದಪ್ಪಕ್ಷರದಲ್ಲಿ ಎಚ್ಚರಿಕೆ: ಇದ್ದದ್ದನ್ನು ಇದ್ದಂತೆ ಬರೆಯಿರಿ, ಬಿಗಿ ಮಾಡುವುದು ನನ್ನ ಕೆಲಸ, ಪ್ರತಿ ಅಳತೆಯನ್ನೂ ಎರಡು ಸಲ ತೆಗೆಯಿರಿ. ಹಾಳೆ ಬಂದ ದಿನವೇ ಅತ್ತೆ ಆ ಚಿತ್ರ ನೋಡಿ, “ಗಂಡಸರು ಬಯಸೋ ಹೆಂಗಸು ಇವಳೇ. ತಲೆ ಅಳತೆ ಯಾರಿಗೂ ಬೇಡ,” ಎಂದಿದ್ದರು. ಹೊಲಿಯುವಾಕೆ ತಾನೇ ಮನೆಗೆ ಬಂದು ಅಳತೆ ತೆಗೆದುಕೊಳ್ಳುತ್ತೇನೆ ಎಂದಿದ್ದಳು. ಅತ್ತೆ ಒಪ್ಪಲಿಲ್ಲ. “ಗುರುತಿಲ್ಲದವಳ ಮುಂದೆ ಬಟ್ಟೆ ಬಿಚ್ಚಲ್ಲ ನಾನು. ನೀನಾದ್ರೆ ಪರವಾಗಿಲ್ಲ, ನನ್ನ ಬಗ್ಗೆ ಇನ್ನೂ ಕೆಟ್ಟದಾಗಿ ಅಂದ್ಕೊಳ್ಳೋಕೆ ನಿನ್ನ ಹತ್ರ ಏನೂ ಉಳಿದಿಲ್ಲ.” ಇದು ಹೊಗಳಿಕೆಯೋ ಬೈಗುಳವೋ ಎಂದು ಇವಳು ಎರಡು ದಿನ ಬಸ್ಸಿನಲ್ಲಿ ನಿಂತು ಯೋಚಿಸಿದ್ದಳು.

ಕಾರ್ಸೆಟ್ ಎಂಬ ಪದ ಈ ಮನೆಯೊಳಗೆ ಬಂದದ್ದು ಮದುವೆ ಎಂಬ ಪದದ ಬೆನ್ನಿಗೇ. ಆ ಬೆಳಿಗ್ಗೆ ಅತ್ತೆ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತ, ಮುಖ ಎತ್ತದೆ, “ಹಲ್ಲು ಡಾಕ್ಟ್ರು ನನ್ನನ್ನ ಮದುವೆ ಆಗ್ತಾರಂತೆ. ನಾನೂ ಹೂಂ ಅಂದೆ,” ಎಂದಿದ್ದರು. ಹಲ್ಲು ಡಾಕ್ಟ್ರು ಎಂದರೆ ಎರಡು ಬೀದಿ ಆಚೆ ಇರುವ, ಕ್ಲಿನಿಕ್ಕು ಮುಚ್ಚಿ ನಿವೃತ್ತರಾದ, ಹೆಂಡತಿ ತೀರಿಕೊಂಡಿದ್ದ ಮೃದು ಮಾತಿನ ಮನುಷ್ಯ. ಕ್ಲಿನಿಕ್ಕಿನ ಕೊನೆಯ ವರ್ಷ ಅತ್ತೆಗೆ ಕಟ್ಟುಹಲ್ಲು ಕೂರಿಸುವಾಗ ಅತ್ತೆ ಅವರ ಬೆರಳು ಕಚ್ಚಿದ್ದರಂತೆ, ಅಲ್ಲಿಂದ ಶುರುವಾಯಿತಂತೆ. ಅವಳ ಗಂಡ ಬಿಸಿ ಟೀಯನ್ನು ಗುಟುಕರಿಸಿ ನುಂಗಲೂ ಆಗದೆ ಉಗುಳಲೂ ಆಗದೆ ಕಣ್ಣಲ್ಲಿ ನೀರು ತಂದುಕೊಂಡ. “ಈ ವಯಸ್ಸಲ್ಲಾ ಅಮ್ಮ?” ಎಂದ. “ಬೇರೆ ವಯಸ್ಸು ಎಲ್ಲಿಂದ ತರಲಿ?” ಎಂದರು ಅತ್ತೆ. ಗಂಡ ಲಿಫ್ಟ್ ಕಂಪನಿಯಲ್ಲಿ ಮೇಲ್ವಿಚಾರಕ. ದಿನವಿಡೀ ಏರಿ ಇಳಿದು ಬಂದವನು, ಮನೆಯಲ್ಲಿ ಯಾವ ಮಹಡಿಯಲ್ಲೂ ಬಾಗಿಲು ತೆಗೆಯುತ್ತಿರಲಿಲ್ಲ. ಮಗಳು ಮಾತ್ರ, “ಹಾಗಾದ್ರೆ ಅವರು ನಂಗೆ ತಾತನಾ, ಡಾಕ್ಟ್ರಾ?” ಎಂದು ಕೇಳಿ, ಶಾಲೆಗೆ ಹೋದಳು. ಇವಳೋ “ತುಂಬಾ ಸಂತೋಷ ಅತ್ತೆ” ಎಂದಳು. ಅಂದ ಕೂಡಲೇ ಅದು ತನ್ನ ಕಚೇರಿಯ ದನಿ ಎಂದು ಗೊತ್ತಾಯಿತು. ನೀರು ಸರಬರಾಜು ಕಚೇರಿಯ ದೂರು ವಿಭಾಗದ ಕಿಟಕಿಯಲ್ಲಿ ಅವಳ ಕೆಲಸ. ನಲ್ಲಿಯಲ್ಲಿ ಹುಳ ಬಂದವರಿಗೂ, ವಾರದಿಂದ ಮೀಯದವರಿಗೂ “ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ” ಎಂದು ಅದೇ ದನಿಯಲ್ಲಿ ಹೇಳಿ ಹೇಳಿ, ನಿಜವಾಗಿ ಏನಾದರೂ ಅರ್ಥವಾದಾಗ ಬಳಸಲು ಬೇರೆ ದನಿ ಉಳಿದಿರಲಿಲ್ಲ. ಆವತ್ತು ಅವಳಿಗೆ ಅರ್ಥವಾದದ್ದು ಒಂದೇ: ಇನ್ನು ಮೇಲೆ ಮಗಳು ಶಾಲೆಯಿಂದ ಬಂದಾಗ ಬಾಗಿಲು ತೆಗೆಯುವವರಿಲ್ಲ, ಒಲೆ ಹಚ್ಚುವವರಿಲ್ಲ, ಕೊಳಾಯಿ ರಿಪೇರಿಯವನನ್ನು ಬೈದು ಕರೆಸುವವರಿಲ್ಲ. ಅತ್ತೆಗೆ ಮದುವೆ, ತನಗೆ ಅಡುಗೆ. ಇಷ್ಟು ಸಣ್ಣ ಮನಸ್ಸು ತನ್ನದೇ ಎಂದು ಆಶ್ಚರ್ಯಪಟ್ಟು, ಆ ಆಶ್ಚರ್ಯವನ್ನೇ ಒಳ್ಳೆಯತನದ ಗುರುತು ಎಂದುಕೊಂಡು, ಬಸ್ಸು ಹತ್ತಿದ್ದಳು.

“ಎಲ್ಲಿ ಹೋಗಿದೀಯ?” ಎಂದರು ಅತ್ತೆ.

“ಇಲ್ಲೇ ಇದೀನಿ. ಒಂದು ಪಕ್ಕಕ್ಕೆ ಬಾಗಿ. ಎಲ್ಲಿ ಮಡಿಕೆ ಬೀಳುತ್ತೋ ಅದೇ ಸೊಂಟ ಅಂತ ಬರೆದಿದಾಳೆ.”

ಅತ್ತೆ ಬಾಗಿದರು. ಒಂದಲ್ಲ, ಮೂರು ಮಡಿಕೆ ಬಿದ್ದವು. ಇಬ್ಬರೂ ಬಗ್ಗಿ ನೋಡಿದರು, ಚುನಾವಣೆಯಲ್ಲಿ ಮೂವರು ಅಭ್ಯರ್ಥಿಗಳನ್ನು ನೋಡಿದಂತೆ. “ನಡುವಿಂದನ್ನ ಆರಿಸು, ಅದು ಪಾಪ ಯಾರ ತಂಟೆಗೂ ಹೋಗಿಲ್ಲ,” ಎಂದರು ಅತ್ತೆ. ಇವಳು ಆ ಗೆರೆಯ ಮೇಲೆ ಒಂದು ಎಲಾಸ್ಟಿಕ್ ಕಟ್ಟಿದಳು. ಕಟ್ಟುವಾಗ ಬೆರಳು ತಾಗಿತು. ಮೊದಲ ಸಲ ತಾಗಿದ್ದು. ಚರ್ಮ ಇಷ್ಟು ಬೆಚ್ಚಗಿರುತ್ತದೆ ಎಂದು ಅವಳು ಎಣಿಸಿರಲಿಲ್ಲ. ನಿಲುವಂಗಿಯ ಒಳಗೆ ಯಾವುದೋ ಮರದ ಚೌಕಟ್ಟು ಇದೆ ಎಂದು ಮನಸ್ಸು ಇಷ್ಟು ವರ್ಷ ನಂಬಿಕೊಂಡಿತ್ತೋ ಏನೋ. ಬನಿಯನ್ನು ಮೇಲೆ ಸರಿದಾಗ ಹೊಟ್ಟೆಯ ಮಧ್ಯೆ ನೆಟ್ಟಗೆ ಇಳಿದ ಒಂದು ಬಿಳಿಯ ಗೆರೆ ಕಂಡಿತು. ಅವಳು ನೋಡಿದ್ದನ್ನು ಅತ್ತೆ ನೋಡಿದರು. “ನಿನ್ನ ಗಂಡ ಹೊರಗೆ ಬಂದ ಬಾಗಿಲು. ತಲೆ ಕೆಳಗೆ ಮಾಡು ಅಂದ್ರೆ ಮಾಡಲಿಲ್ಲ, ಅಡ್ಡ ಕೂತಿದ್ದ. ಆವಾಗಿಂದ ಆ ಬಾಗಿಲು ಸರಿಯಾಗಿ ಮುಚ್ಚಿಲ್ಲ ನೋಡು.” ಅವಳಿಗೆ ನಗು ಬಂತು, ನಕ್ಕರೆ ಗಂಡನಿಗೆ ದ್ರೋಹ, ನಗದಿದ್ದರೆ ಅತ್ತೆಗೆ ಅವಮಾನ. ಕೆಮ್ಮಿದಳು.

ಎದೆಯ ಸುತ್ತು ಬರೆದಳು. ಎದೆಯ ಕೆಳಗೆ ಟೇಪು ತಂದಾಗ ಅತ್ತೆ ಉಸಿರು ಬಿಗಿ ಹಿಡಿದು, ಫೋಟೋ ತೆಗೆಸಿಕೊಳ್ಳುವವರ ಹಾಗೆ ಗಲ್ಲ ಎತ್ತಿ ನಿಂತರು.

“ಸಹಜವಾಗಿ ಉಸಿರಾಡಬೇಕಂತೆ ಅತ್ತೆ.”

“ನಿನ್ನೆದುರಿಗೆ ಸಹಜವಾಗಿ ಉಸಿರಾಡೋದು ಹೇಗೆ? ಅಭ್ಯಾಸ ಇಲ್ಲ.”

“ಹಾಗಾದ್ರೆ ಅಳತೆ ತಪ್ಪಾಗುತ್ತೆ.”

ಅತ್ತೆ ಉಸಿರು ಬಿಟ್ಟರು. ಬಿಟ್ಟದ್ದೇ ತಡ ಇಡೀ ಮೈ ಒಂದು ಮೆಟ್ಟಿಲು ಕೆಳಗಿಳಿಯಿತು. ಹೆಗಲು ಕುಸಿಯಿತು, ಬೆನ್ನು ಬಾಗಿತು, ಹೊಟ್ಟೆ ಮುಂದೆ ಬಂದು ಇವಳ ಮಣಿಕಟ್ಟಿಗೆ ಒರಗಿತು. ಈ ಹೆಂಗಸು ನನ್ನೆದುರು ಇಷ್ಟು ವರ್ಷ ಉಸಿರು ಹಿಡಿದೇ ನಿಂತಿದ್ದರೇನೋ ಎಂಬ ಯೋಚನೆ ಬಂತು. ಬೇಡವಾದ ನೆಂಟರಂತೆ ಬಂದದ್ದನ್ನು ಬಾಗಿಲಲ್ಲೇ ನಿಲ್ಲಿಸಿ ಟೇಪು ನೋಡಿದಳು. ಎಲಾಸ್ಟಿಕ್ಕಿನ ಮೇಲೆ ಟೇಪು ಸುತ್ತಿ, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ, ಹಾಳೆ ಹೇಳಿದಂತೆ ಒಂದು ಬೆರಳನ್ನೂ ಒಳಗೆ ಬಿಡದೆ ಹಿಡಿದಳು. ಮೂವತ್ತೇಳು.

“ಎಷ್ಟು?”

“ಮೂವತ್ತನಾಲ್ಕು,” ಎಂದಳು.

ಹೇಳಿದ್ದು ತಾನೇ ಎಂದು ಅವಳಿಗೆ ನಂಬಿಕೆಯಾಗಲಿಲ್ಲ. ಅತ್ತೆಯ ಮುಖ ಮಾತ್ರ ನಂಬಿತು. ಕನ್ನಡಿಯಲ್ಲಿ ಅದು ನಿಧಾನವಾಗಿ ಅರಳಿದ್ದನ್ನು ಅವಳು ಕಂಡಳು. ಹುಬ್ಬು ಮೇಲೆ ಹೋಯಿತು, ತುಟಿಯ ತುದಿ ನಡುಗಿತು, ಕೈ ತನ್ನಷ್ಟಕ್ಕೆ ತಾನೇ ಸೊಂಟದ ಮೇಲೆ ಹೋಗಿ, ಹುಡುಗಿಯರು ಕೈಯಿಟ್ಟು ನಿಲ್ಲುವ ಹಾಗೆ ನಿಂತಿತು. “ನಿಜ? ಹೆಚ್ಚೇ ಅಂದ್ಕೊಂಡಿದ್ದೆ. ಇನ್ನೊಂದು ಸಲ ನೋಡು, ಎರಡು ಸಲ ಅಂತ ಬರೆದಿದಾಳಲ್ಲ.” ಇವಳು ಇನ್ನೊಂದು ಸಲ ನೋಡಿದಳು. ಮೂವತ್ತೇಳು, ಈ ಸಲ ಒಂದು ಕಾಲಿಂಚು ಮೇಲೆಯೇ. “ಮೂವತ್ತನಾಲ್ಕೇ,” ಎಂದಳು, ಹಾಳೆಯಲ್ಲಿ ಬರೆದಳು. ಮೊದಲ ಸಲದ್ದು ಪ್ರೀತಿಯೋ ದಾಕ್ಷಿಣ್ಯವೋ ಇರಬಹುದು, ಎರಡನೆಯದಕ್ಕೆ ಏನು ಹೆಸರು ಎಂದು ಆಮೇಲೆ ಎಷ್ಟೋ ದಿನ ಹಲ್ಲುಜ್ಜುವಾಗ ಹುಡುಕಿದಳು. ಉಳಿದ ಅಳತೆಗಳನ್ನು ಹಟ ತೊಟ್ಟವಳಂತೆ ಚಾಚೂ ತಪ್ಪದೆ ತೆಗೆದಳು. ಅತ್ತೆಯನ್ನು ಗಟ್ಟಿ ಕುರ್ಚಿಯಲ್ಲಿ ಕೂರಿಸಿ, ಮೊಣಕಾಲೂರಿ, ಎಲಾಸ್ಟಿಕ್ಕಿನಿಂದ ತೊಡೆಯವರೆಗೆ ಟೇಪು ಹಿಡಿದು, ಕಾಲಿಂಚಿಗೂ ನ್ಯಾಯ ಮಾಡಿ ಬರೆದಳು. ಒಂದು ಸುಳ್ಳಿನ ಸುತ್ತ ಇಷ್ಟೊಂದು ಸತ್ಯ ಕೂತಿದ್ದನ್ನು ನೋಡಿ ಹಾಳೆ ತನ್ನನ್ನೇ ಅಣಕಿಸಿದಂತಾಯಿತು. “ಯಾಕೆ ಬೇಕು ಅತ್ತೆ ಇದೆಲ್ಲ, ಉಸಿರು ಕಟ್ಟಿಸ್ಕೊಂಡು?” ಎಂದು ಕೇಳಿದ್ದಕ್ಕೆ ಅತ್ತೆ ನಿಲುವಂಗಿಯೊಳಗೆ ತಲೆ ತೂರಿಸುತ್ತ ಅಲ್ಲಿಂದಲೇ ಹೇಳಿದರು: “ಮೊದಲನೇ ಮದುವೇಲಿ ತಲೆ ತಗ್ಗಿಸಿ ನಿಂತಿದ್ದೆ. ಎರಡನೇದರಲ್ಲಾದ್ರೂ ನೆಟ್ಟಗೆ ನಿಲ್ಲೋಣ ಅಂತ.”

ಅಡುಗೆಮನೆಯಲ್ಲಿ ಗಂಡ ಟೀ ಎಂದು ಏನನ್ನೋ ಕಾಯಿಸುತ್ತಿದ್ದ. ಅಮ್ಮನ ಮೈಯಳತೆ ನಡೆಯುತ್ತಿರುವ ಮನೆಯಲ್ಲಿ ಗಂಡಸು ಎಲ್ಲಿ ನಿಂತರೂ ತಪ್ಪೇ ಎನ್ನುವ ಮುಖ. “ಮುಗೀತಾ?” ಎಂದು ಪಿಸುಗುಟ್ಟಿದ. ಅವಳು ಸುಮ್ಮನಿರಬಹುದಿತ್ತು. ಆದರೆ ತಪ್ಪನ್ನು ಒಬ್ಬಳೇ ಹೊರಲಾರದೆ ಹೇಳಿಬಿಟ್ಟಳು. ಅವನು ಮೊದಲು ಕಣ್ಣರಳಿಸಿದ, ಆಮೇಲೆ ಬಾಗಿಲ ಕಡೆ ನೋಡಿ, ಅವಳ ಬೆನ್ನು ತಟ್ಟಿದ. “ಒಳ್ಳೇದು ಮಾಡಿದೆ. ಅದು ಹಾಕ್ಕೊಳ್ಳೋಕೆ ಆಗದೆ ಇದ್ರೆ ನಾಚಿಕೆಯಾಗಿ ಅಮ್ಮನೇ ಈ ಮದುವೆಯೆಲ್ಲ ಬೇಡ ಅಂತಾಳೆ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ.” ಆ ತಟ್ಟುವಿಕೆ ಅವಳ ಬೆನ್ನ ಮೇಲೆ ಜಿಡ್ಡಿನ ಹಾಗೆ ಅಂಟಿಕೊಂಡಿತು. ಅಲ್ಲಿಯವರೆಗೂ ಅವಳಿಗೆ, ಪಾಪ ಖುಷಿಪಡಲಿ ಅಂತ ಹೇಳಿದ್ದು ಎಂದುಕೊಳ್ಳಲು ಒಂದು ಸಣ್ಣ ಸಂದು ಇತ್ತು. ಈ ಮನುಷ್ಯ ಶಭಾಸ್ ಅಂದು ಆ ಸಂದನ್ನೂ ಮುಚ್ಚಿಬಿಟ್ಟ. “ಹಾವು ಯಾರ್ರೀ, ನಿಮ್ಮ ಅಮ್ಮನಾ?” ಎಂದು ಕೇಳಿ, ಆ ಟೀಯನ್ನು ಸಿಂಕಿಗೆ ಸುರಿದಳು.

ಹೊಲಿಯುವಾಕೆಗೆ ಫೋನ್ ಮಾಡಿ ತಿದ್ದಿಸಬಹುದಿತ್ತು. ಸೋಮವಾರ ಕಚೇರಿಯ ಕಿಟಕಿಯಲ್ಲಿ ಕೂತು ಎರಡು ದೂರುಗಳ ನಡುವೆ ಫೋನ್ ಎತ್ತಿದಳು, ಮೂರನೆಯ ದೂರು ಬಂತು. ಮಂಗಳವಾರ ಏನೆಂದು ಹೇಳುವುದು ಎಂದು ಯೋಚಿಸಿದಳು: ನಾನು ತಪ್ಪಾಗಿ ಓದಿದೆ ಎನ್ನುವುದೇ, ನನಗೆ ಕಣ್ಣು ಮಂಜು ಎನ್ನುವುದೇ, ಅತ್ತೆ ಒಂದು ರಾತ್ರಿಯಲ್ಲಿ ಬೆಳೆದರು ಎನ್ನುವುದೇ. ಬುಧವಾರದಿಂದ ಅದು ನಾಳೆ ಮಾಡುವ ಕೆಲಸಗಳ ಸಾಲಿಗೆ ಸೇರಿ, ಹಲ್ಲಿ ಗೋಡೆಗೆ ಅಂಟಿದಂತೆ ಅಲ್ಲೇ ನಿಂತಿತು. ಅಷ್ಟರಲ್ಲಿ ಮನೆಯಲ್ಲಿ ಅತ್ತೆ ಬೇರೆಯೇ ಆಗಿದ್ದರು. ಮೂವತ್ತನಾಲ್ಕು ಅವರ ನಡಿಗೆಗೆ ಇಳಿದಿತ್ತು. ಪಾತ್ರೆ ತೊಳೆಯುವಾಗ ಗುನುಗುತ್ತಿದ್ದರು. ಡಾಕ್ಟ್ರ ಮನೆಗೆ ಸಂಜೆ ಊಟಕ್ಕೆ ಹೋಗಿ ಬಂದು, ಅವರು ಮೀನು ಎಷ್ಟು ಚೆನ್ನಾಗಿ ಬೇಯಿಸುತ್ತಾರೆ ಎಂದು ಮಗನ ಎದುರಿಗೇ ಹೇಳುತ್ತಿದ್ದರು. ಒಂದು ಸಂಜೆ ಇವಳ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿ, “ತಿನ್ನು ತಿನ್ನು, ಸೊಂಟ ಎಲ್ಲಿ ಹೋಗುತ್ತೆ,” ಎಂದರು. ಇವಳು ಆ ತುಂಡನ್ನು ಮಗಳ ತಟ್ಟೆಗೆ ಸರಿಸಿದಳು.

ಕಾರ್ಸೆಟ್ ಬಂದ ದಿನ ಮತ್ತೆ ಅದೇ ಕೋಣೆ, ಅದೇ ಚಿಲಕ. ಪೆಟ್ಟಿಗೆಯ ತೆಳು ಕಾಗದ ಬಿಡಿಸಿ ಇಬ್ಬರೂ ಬಗ್ಗಿ ನೋಡಿದರು. ದಂತದ ಬಣ್ಣದ ಬಟ್ಟೆ, ಒಳಗೆ ಉದ್ದುದ್ದಕ್ಕೆ ಹೊಲಿದ ಉಕ್ಕಿನ ಪಟ್ಟಿಗಳು, ಮುಂದೆ ಕೊಂಡಿಗಳ ಸಾಲು, ಹಿಂದೆ ಮೇಲಿಂದ ಕೆಳಗೆ ರಂಧ್ರಗಳಲ್ಲಿ ಅತ್ತಿತ್ತ ಓಡಿದ ಲಾಡಿ. ಒಳಗೆ ಯಾರೂ ಇಲ್ಲದಿದ್ದರೂ ಅದು ಮೇಜಿನ ಮೇಲೆ ತಾನೇ ನಿಂತಿತು, ಅತ್ತೆಗಿಂತಲೂ ನೆಟ್ಟಗೆ. ಮುಂದಿನ ಕೊಂಡಿ ಹಾಕಲೇ ಇಬ್ಬರೂ ಬೆವರಿದರು. ಇವಳು ಬೆನ್ನಿಗೆ ನಿಂತು ಲಾಡಿ ಎಳೆದಳು. ಎಳೆಯುವಾಗ ಒಂದು ಕ್ಷಣ, ಏನಾದರೂ ಪವಾಡ ನಡೆದು ಇದು ಸೇರಿಬಿಡಲಿ ಎಂದು ಬೇಡಿಕೊಂಡಳು. ಹಿಂದೆ ಎರಡು ಬೆರಳಷ್ಟು ಸಂದು ಉಳಿಯುವುದು ಸರಿ ಎಂದು ಹೊಲಿಯುವಾಕೆ ಹೇಳಿ ಕಳಿಸಿದ್ದಳು. ಇಲ್ಲಿ ಅಂಗೈ ಹರಡಿಟ್ಟರೂ ಮುಚ್ಚದಷ್ಟು ಬೆನ್ನು ಉಳಿದಿತ್ತು, ಲಾಡಿಗಳ ನಡುವೆ ಉಬ್ಬಿ, ಕೆಂಪಗೆ. “ಇನ್ನೂ ಎಳಿ,” ಎಂದರು ಅತ್ತೆ. ಎಳೆದಳು. “ಇನ್ನೂ.” ಅತ್ತೆಯ ದನಿ ಸಣ್ಣದಾಗುತ್ತ ಹೋಯಿತು. ಕೈಗನ್ನಡಿ ಹಿಡಿದು ದೊಡ್ಡ ಕನ್ನಡಿಗೆ ಬೆನ್ನು ತಿರುಗಿಸಿ ನೋಡಿಕೊಂಡರು. ಬೈಯಲಿ ಎಂದು ಇವಳು ಕಾದಳು, ಹೊಲಿದವಳನ್ನಾದರೂ ಬೈಯಲಿ. “ಡಾಕ್ಟ್ರ ಮನೆ ಊಟ ಉಂಡು ಉಂಡು ಉಬ್ಬಿಬಿಟ್ಟೆ,” ಎಂದರು ಅತ್ತೆ ಮೆತ್ತಗೆ. “ಹಾಳೆ ಸುಳ್ಳು ಹೇಳುತ್ತಾ? ನನ್ನದೇ ತಪ್ಪು. ಬಿಚ್ಚು.”

ಅವತ್ತಿನಿಂದ ಅತ್ತೆ ಊಟ ಬಿಟ್ಟರು. ಬೆಳಿಗ್ಗೆ ಬಿಸಿನೀರು, ಮಧ್ಯಾಹ್ನ ಸೌತೆಕಾಯಿ, ಸಂಜೆ ಸೌತೆಕಾಯಿಯ ನೆನಪು. ವಾಸನೆ ತಡೆಯಲಾಗುವುದಿಲ್ಲ ಎಂದು ಒಲೆಯ ಹತ್ತಿರವೂ ಸುಳಿಯಲಿಲ್ಲ. ಹೀಗಾಗಿ ಅವಳು ಯಾವುದಕ್ಕೆ ಹೆದರಿದ್ದಳೋ ಅದು ಮದುವೆಗೂ ಮೊದಲೇ ಬಂತು: ಕಚೇರಿಯಿಂದ ಬಂದು ಆಲೂಗಡ್ಡೆ ಸುಲಿಯುತ್ತ ನಿಂತಳು, ಮಗಳು ಅರೆಬೆಂದದ್ದನ್ನು ತಟ್ಟೆಯಂಚಿಗೆ ಸರಿಸಿದಳು, ಗಂಡ ಹೊರಗೇ ತಿಂದು ಬಂದು “ನನಗೆ ಹಸಿವಿಲ್ಲ” ಎಂದ. ಅತ್ತೆ ಡಾಕ್ಟ್ರ ಮನೆಗೆ ಹೋಗುವುದನ್ನು ನಿಲ್ಲಿಸಿದರು. ಅವರು ಡಬ್ಬಿಯಲ್ಲಿ ಕಳಿಸಿದ ಸೂಪನ್ನು ಹಾಗೇ ವಾಪಸು ಕಳಿಸಿದರು. ಒಂದು ಬೆಳಿಗ್ಗೆ ಬಚ್ಚಲ ಬಾಗಿಲು ಹಿಡಿದು ಕೂತುಬಿಟ್ಟರು. ಕಣ್ಣು ಕತ್ತಲೆ ಬಂತು, ಏನಿಲ್ಲ, ಎಂದರು. ಗಂಡ ಇವಳತ್ತ ನೋಡಿ ಹುಬ್ಬು ಹಾರಿಸಿದ, ಕೆಲಸ ಆಗುತ್ತಿದೆ ಎನ್ನುವಂತೆ. ಆ ಹುಬ್ಬನ್ನು ಕಿತ್ತು ಅವನ ಕೈಗೇ ಕೊಡಬೇಕು ಎನ್ನಿಸಿತು ಅವಳಿಗೆ. ಆದರೂ ಬಾಯಿ ತೆರೆಯಲಿಲ್ಲ. ಹೇಳಲು ಒಂದು ಹೊತ್ತಿರುತ್ತದೆ, ಆ ಹೊತ್ತು ಭಾನುವಾರ ಬೆಳಿಗ್ಗೆಯೇ ದಾಟಿಹೋಯಿತು, ಇನ್ನೇನಿದ್ದರೂ ಸಿಕ್ಕಿಬೀಳುವುದೊಂದೇ ಬಾಕಿ ಎಂದು ತನಗೆ ತಾನೇ ಹೇಳಿಕೊಂಡು ಆಲೂಗಡ್ಡೆ ಸುಲಿದಳು.

ಗುರುವಾರ ದೂರಿನ ಸರದಿಯಲ್ಲಿ, ಕೊಳಕು ನೀರಿನ ಬಾಟಲಿ ಹಿಡಿದವನೊಬ್ಬನ ಹಿಂದೆ, ಹಲ್ಲು ಡಾಕ್ಟ್ರು ನಿಂತಿದ್ದರು. ಟೋಪಿ ಕೈಯಲ್ಲಿತ್ತು. ತಮ್ಮ ಸರದಿ ಬಂದಾಗ ಕಿಟಕಿಯ ಗಾಜಿನ ತೂತಿಗೆ ಬಾಗಿ, “ನೀರಿನ ತೊಂದರೆ ಅಲ್ಲಮ್ಮ,” ಎಂದರು.

“ಗೊತ್ತು, ಹೇಳಿ.”

“ನಿಮ್ಮತ್ತೆ ನನ್ನ ಜೊತೆ ಊಟ ಮಾಡಲ್ಲ ಅಂತಾರೆ. ಫೋನಲ್ಲಿ ನಗಲ್ಲ. ಮನಸ್ಸು ಬದಲಾಗಿದ್ರೆ ನೇರವಾಗಿ ಹೇಳಲಿ, ನಾನು ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಬೇಡ ಅಂತ ಬರೆದುಕೊಡ್ತೀನಿ. ಹಲ್ಲು ಕಿತ್ತೇ ಬದುಕಿದವನು ನಾನು. ಅಲ್ಲಾಡಿಸ್ತಾ ಕೂತ್ರೆ ನೋವು ಜಾಸ್ತಿ.”

“ನಿಮ್ಮ ತೊಂದರೆ ನನಗೆ ಅರ್ಥವಾಗುತ್ತದೆ,” ಎಂದಳು. ಹೇಳಿ ತುಟಿ ಕಚ್ಚಿಕೊಂಡಳು. ಡಾಕ್ಟ್ರು ಅವಳ ಬಾಯನ್ನೇ ನೋಡುತ್ತಿದ್ದರು, ಆ ವೃತ್ತಿಯವರು ನೋಡುವ ಹಾಗೆ. “ರಾತ್ರಿ ನಿದ್ದೇಲಿ ಹಲ್ಲು ಕಡೀತೀರ ನೀವು,” ಎಂದರು ಕನಿಕರದಿಂದ. “ಇತ್ತೀಚೆಗೆ ಶುರುವಾಗಿದ್ದು ಅನ್ಸುತ್ತೆ. ಏನಾದ್ರೂ ಚಿಂತೆನಾ?” ಹಿಂದಿನವನು ಬೇಗ ಮುಗಿಸಿ ಎಂದು ಗೊಣಗಿದ. ಡಾಕ್ಟ್ರು ಅವನಿಗೆ ಕ್ಷಮೆ ಕೇಳಿ, ಟೋಪಿ ಹಾಕಿಕೊಂಡು, ಬಾಗಿಲಲ್ಲಿ ತಳ್ಳಿ ಎಂದಿದ್ದಲ್ಲಿ ಎಳೆದು, ಆಮೇಲೆ ತಳ್ಳಿ, ಹೊರಗೆ ಹೋದರು.

ಸಂಜೆ ಮನೆಗೆ ಬಂದಾಗ ಅತ್ತೆ ಸೋಫಾದ ಮೇಲೆ ಕಣ್ಣು ಮುಚ್ಚಿ ಮಲಗಿದ್ದರು. ಇಳಿಬಿದ್ದ ಕೈಯಲ್ಲಿ ಕಚ್ಚಿದ ಸೌತೆಕಾಯಿ. ಗಂಡ ಇನ್ನೂ ಬಂದಿರಲಿಲ್ಲ, ಮಗಳು ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ಅವಳು ಬ್ಯಾಗನ್ನೂ ಇಳಿಸದೆ ಹೇಳಿದಳು:

“ಅತ್ತೆ, ನಿಮ್ಮ ಸೊಂಟ ಮೂವತ್ತೇಳು. ಅವತ್ತೂ ಮೂವತ್ತೇಳೇ. ನಾನು ಸುಳ್ಳು ಹೇಳ್ದೆ.”

ಅತ್ತೆ ಕಣ್ಣು ಬಿಟ್ಟರು. ಎದ್ದು ಕೂರಲು ಸ್ವಲ್ಪ ಹೊತ್ತು ಬೇಕಾಯಿತು. “ಎರಡು ಸಲ ನೋಡಿದ್ಯಲ್ಲ.”

“ಎರಡು ಸಲಾನೂ.”

“ಹಾಗಾದ್ರೆ ಈ ಮೂವತ್ತನಾಲ್ಕು ಯಾರದ್ದು?”

ಅವಳು ಯೋಚಿಸಬೇಕಾಯಿತು. ಸುಳ್ಳು ಹೇಳುವವಳಿಗೂ ಎಲ್ಲಿಂದಲಾದರೂ ಒಂದು ಸಂಖ್ಯೆ ತರಬೇಕು. ತನ್ನ ಕಲ್ಪನೆ ತನ್ನ ಒಳಲಂಗದಿಂದಾಚೆಗೆ ಹೋಗಿರಲಿಲ್ಲ. “ನನ್ನದು,” ಎಂದಳು.

“ಯಾಕೆ ಹೇಳ್ದೆ?”

ಅವಳ ಬಾಯಿಗೆ ಎಷ್ಟೋ ಒಳ್ಳೆಯ ಉತ್ತರಗಳು ಬಂದವು. ನಿಮಗೆ ಬೇಜಾರಾಗಬಾರದು ಅಂತ. ನೀವಿಲ್ಲದ ಮನೆ ಊಹಿಸೋಕೆ ಆಗಲಿಲ್ಲ ಅಂತ. ಎಲ್ಲವೂ ಹೊಳೆಯುತ್ತಿದ್ದವು, ಎಲ್ಲವೂ ಒಂದೊಂದಿಂಚು ಕಡಿಮೆ ಇದ್ದವು. “ನೀವು ಹೋದ್ರೆ ಮನೇಲಿ ಅಡುಗೆ ಯಾರು ಮಾಡ್ತಾರೆ ಅಂತ,” ಎಂದಳು. “ತಪ್ಪಾಯ್ತು. ಹೊಟ್ಟೆಗೆ ಹಾಕ್ಕೊಳ್ಳಿ ಅತ್ತೆ.”

“ಯಾವ ಹೊಟ್ಟೆಗೆ?” ಎಂದರು ಅತ್ತೆ. “ಅದಕ್ಕೆ ಏನೂ ಹಾಕದೆ ವಾರದ ಮೇಲಾಯ್ತು.” ಸೌತೆಕಾಯಿಯನ್ನು ಸೋಫಾದ ಕೈ ಮೇಲೆ ಜೋಪಾನವಾಗಿ ಇಟ್ಟರು. ಅವರ ಗಲ್ಲ ಅಲುಗುತ್ತಿತ್ತು, ಅದು ಸಿಟ್ಟೋ ನಿತ್ರಾಣವೋ ಇವಳಿಗೆ ತಿಳಿಯಲಿಲ್ಲ. “ಸದ್ಯ, ಪ್ರೀತಿಗೋಸ್ಕರ ಅಂತ ಹೇಳಲಿಲ್ಲ ನೀನು. ಹೇಳಿದ್ರೆ ಕಪಾಳಕ್ಕೆ ಬಾರಿಸ್ತಿದ್ದೆ. ಆದ್ರೂ ಒಂದು ಮಾತು ಕೇಳು. ಆ ಮೂರು ವಾರ ನಾನು ಬೀದೀಲಿ ಹೇಗೆ ನಡೆದೆ ಗೊತ್ತಾ? ಅದನ್ನ ಕೊಟ್ಟು ಕಿತ್ಕೊಂಡ್ಯಲ್ಲ, ಅದು ಊಟ ಕಿತ್ಕೊಂಡಿದ್ದಕ್ಕಿಂತ ಹೆಚ್ಚು.” ಇವಳು ತಲೆ ತಗ್ಗಿಸಿದಳು. “ತಲೆ ಎತ್ತು. ಹೋಗಿ ಮೂರು ಮೊಟ್ಟೆ ಬೇಯಿಸ್ಕೊಂಡು ಬಾ. ಆಮೇಲೆ ಬಟ್ಟೆ ಬಿಚ್ಚು.”

“ಯಾರು?”

“ನೀನೇ. ನಿನ್ನ ಅಳತೆಗೆ ಹೊಲಿಸಿದೀಯ, ಬೇರೆ ಯಾರು ಹಾಕ್ಕೋಬೇಕು?”

ಅತ್ತೆ ಮೊಟ್ಟೆಯನ್ನು ಉಪ್ಪು ಕೂಡ ಕೇಳದೆ ತಿಂದರು, ಒಂದಾದ ಮೇಲೊಂದು, ಮಧ್ಯೆ ಮಾತಿಲ್ಲ. ತಿಂದು ಕೈ ಒರೆಸಿ ಅವಳ ಬೆನ್ನಿಗೆ ನಿಂತರು. ಕಾರ್ಸೆಟ್ಟಿನ ಸೊಂಟ ಅವಳ ಸೊಂಟಕ್ಕೆ ಹೇಳಿ ಮಾಡಿಸಿದಂತೆ ಬಂದು ಕೂತಿತು. ಎದೆಯ ಹತ್ತಿರ ಮಾತ್ರ ಅತ್ತೆಯ ವೈಭವಕ್ಕೆ ಬಿಟ್ಟ ಜಾಗ ಖಾಲಿ ಉಳಿಯಿತು. ಅಲ್ಲಿ ಅತ್ತೆ ಎರಡು ಕರವಸ್ತ್ರ ತುರುಕಿದರು. ಲಾಡಿ ಎಳೆಯುವ ಕೈಯಲ್ಲಿ ಹಸಿದವರ ಲಕ್ಷಣ ಏನೂ ಇರಲಿಲ್ಲ. ಪ್ರತಿ ಎಳೆತಕ್ಕೂ ಅವಳ ಪಕ್ಕೆಲುಬುಗಳು ಪರಸ್ಪರ ಪರಿಚಯ ಮಾಡಿಕೊಂಡವು. “ಮದುವೆ ದಿನ ಬೆಳಿಗ್ಗೆಯಿಂದ ಸಂಜೆವರೆಗೂ ಇದನ್ನ ಹಾಕ್ಕೊಂಡಿರ್ತೀಯ,” ಎಂದರು ಅತ್ತೆ. “ನಾನು ಹೊಟ್ಟೆ ಬಿಟ್ಕೊಂಡು ಬರ್ತೀನಿ. ನಮ್ಮಿಬ್ಬರಲ್ಲಿ ಒಬ್ಬರಾದ್ರೂ ನೆಟ್ಟಗೆ ನಿಂತ್ರೆ ಸಾಕು.” ಆಮೇಲೆ ಫೋನ್ ಎತ್ತಿ ಡಾಕ್ಟ್ರಿಗೆ, ಇವತ್ತು ಮೀನು ಇದೆಯಾ ಎಂದು ಕೇಳಿದರು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಎಲ್ಲರೂ ಅವಳನ್ನೇ ನೋಡಿದರು. ಮದುಮಗಳು ಇವಳೇ ಎಂದು ಗುಮಾಸ್ತ ತಪ್ಪು ತಿಳಿದು ಡಾಕ್ಟ್ರ ಕಡೆಗೆ ಒಂದು ಬಗೆಯ ಮೆಚ್ಚುಗೆಯಿಂದಲೂ ಕಳವಳದಿಂದಲೂ ನೋಡಿದ. ಅತ್ತೆ ಸಡಿಲವಾದ ನೀಲಿ ಗೌನಿನಲ್ಲಿ ಬೆಂಚಿನ ಮೇಲೆ ಕಾಲಗಲಿಸಿ ಆರಾಮಾಗಿ ಕೂತಿದ್ದರು, ಡಾಕ್ಟ್ರು ಪಕ್ಕದಲ್ಲಿ ಟೋಪಿಯನ್ನು ತೊಡೆಯ ಮೇಲಿಟ್ಟು. ಅವಳಿಗೆ ಕೂರಲು ಆಗುತ್ತಿರಲಿಲ್ಲ, ಬೆಂಚು ತೀರ ತಗ್ಗು. ನಿಂತಳು. ಬೆನ್ನು ಇಷ್ಟು ನೆಟ್ಟಗಿದ್ದರೆ ಮನುಷ್ಯನಿಗೆ ಎಲ್ಲರ ನೆತ್ತಿ ಕಾಣುತ್ತದೆ. ಗಂಡನ ನೆತ್ತಿಯಲ್ಲಿ ಕೂದಲು ಕಡಿಮೆಯಾಗಿದ್ದು ಅವತ್ತು ಗೊತ್ತಾಯಿತು. “ಇವತ್ತು ನೀನು ಏನೋ…” ಎಂದು ಅವನು ಶುರು ಮಾಡಿ, ಪದ ಸಿಗದೆ, ಅಷ್ಟರಲ್ಲಿ ಅಮ್ಮ ಸಹಿ ಹಾಕಲು ಎದ್ದದ್ದನ್ನು ಕಂಡು ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟ. ಯಾರೂ ಎಣಿಸಿರಲಿಲ್ಲ, ಅವನಂತೂ ಎಣಿಸಿರಲೇ ಇಲ್ಲ. ಅತ್ತೆ ಪೆನ್ನು ಹಿಡಿದೇ ತಿರುಗಿ, “ಸಾಕು, ಮೂಗು ಒರೆಸ್ಕೋ,” ಎಂದರು, ಅವನು ಒರೆಸಿಕೊಂಡ. ಅವಳಿಗೂ ಅಳು ಬಂತು, ಒಳಗೆ ಜಾಗವಿರಲಿಲ್ಲ. ಪಕ್ಕೆಯವರೆಗೆ ಬಂದು, ಉಕ್ಕಿಗೆ ತಾಗಿ, ಹಿಂದೆ ಹೋಯಿತು. ಸಾಕ್ಷಿಯ ಸಹಿ ಅವಳದ್ದು. ಬಗ್ಗಲಾರದೆ ಮಂಡಿ ಮಡಚಿ, ಇಡೀ ಮೈಯನ್ನು ಲಿಫ್ಟಿನಂತೆ ಕೆಳಗಿಳಿಸಿ, ಕೈ ಚಾಚಿ ಬರೆದಳು. ಅತ್ತೆಗೆ ಅಲ್ಲಿಯವರೆಗೆ ಹಿಡಿದಿಟ್ಟ ನಗು ತಡೆಯಲಿಲ್ಲ. ಮದುಮಗಳು ನಗುವುದನ್ನು ಕಂಡು ಡಾಕ್ಟ್ರ ಮುಖದಲ್ಲಿ ವಾರಗಳ ಚಿಂತೆ ಇಳಿಯಿತು. ಹೊರಗೆ ಮೆಟ್ಟಿಲ ಮೇಲೆ ಕೇಕು ಹಂಚಿದರು. ಅತ್ತೆ ಎರಡು ತಿಂದರು, ಆಮೇಲೆ ಇವಳದ್ದನ್ನೂ ತಿಂದರು, ಹೇಗಿದ್ದರೂ ನಿನಗೆ ಇಳಿಯಲ್ಲ ಎಂದು. ಡಾಕ್ಟ್ರ ಹಳೆಯ ಕಾರು ಎರಡು ಸಲ ಕೆಮ್ಮಿ ಹೊರಟಿತು. ಕೈ ಬೀಸಲು ಅವಳಿಗೆ ಮೊಣಕೈವರೆಗೆ ಮಾತ್ರ ಸಾಧ್ಯವಾಯಿತು.

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಮಗಳು ಬೂಟು ಕಳಚುತ್ತ, “ಊಟಕ್ಕೇನು?” ಎಂದಳು. ಆ ಪ್ರಶ್ನೆಗೆ ಉತ್ತರಿಸುತ್ತಿದ್ದವರ ಕುರ್ಚಿಯ ಮೇಲೆ ಮಡಚಿದ ನಿಲುವಂಗಿಯೂ ಇರಲಿಲ್ಲ. ಅವಳು ಕೋಣೆಗೆ ಹೋಗಿ ಗಂಡನನ್ನು ಕರೆದು ಬೆನ್ನು ತಿರುಗಿಸಿದಳು. ಅವನು ಲಾಡಿಯ ತುದಿ ಎಳೆದ. ಗಂಟು ಇನ್ನೂ ಬಿಗಿಯಾಯಿತು. ಇನ್ನೊಂದು ತುದಿ ಎಳೆದ. “ಅಮ್ಮ ಎಂಥ ಗಂಟು ಹಾಕಿದಾಳೆ ಇದು, ಕತ್ತರಿ ತರಲಾ?” ಎಂದ. ಬೇಡ ಎಂದು ಅವಳು ಎಷ್ಟು ಗಟ್ಟಿಯಾಗಿ ಹೇಳಿದಳೆಂದರೆ ಇಬ್ಬರೂ ಬೆಚ್ಚಿದರು. ಕೊನೆಗೆ ಫೋನ್ ಮಾಡಿದ್ದು ಅವಳೇ.

“ಗಂಟು ಬಿಚ್ಚೋಕೆ ಬರ್ತಿಲ್ಲ ಅತ್ತೆ.”

“ಗಂಟಿಗೋಸ್ಕರ ಫೋನ್ ಮಾಡಿದ್ಯಾ, ಊಟಕ್ಕೇನು ಮಾಡೋದು ಅಂತ ಕೇಳೋಕೋ?”

“ಎರಡಕ್ಕೂ.”

“ನನ್ನ ಮಗನ ಕೈಗೆ ಕೊಡು,” ಎಂದರು ಅತ್ತೆ. ಗಂಡ ಫೋನನ್ನು ಹೆಗಲು ಕಿವಿಗಳ ನಡುವೆ ಸಿಕ್ಕಿಸಿಕೊಂಡು ಅವಳ ಹಿಂದೆ ಮೊಣಕಾಲೂರಿದ. “ಹೂಂ ಅಮ್ಮ. ಎಡಗಡೇದು. ಅದಲ್ಲ? ಒಳಗಿಂದು. ಹೂಂ, ಸಿಕ್ತು.” ಅವನ ಬೆರಳು ಇಷ್ಟು ಹುಷಾರಾಗಿ ತನ್ನ ಬೆನ್ನ ಮೇಲೆ ಓಡಾಡಿ ಎಷ್ಟು ಕಾಲವಾಗಿತ್ತೋ ಅವಳು ಲೆಕ್ಕ ಹಾಕಲಿಲ್ಲ. ಒಂದು ರಂಧ್ರ ಸಡಿಲವಾಯಿತು, ಇನ್ನೊಂದು, ಮತ್ತೊಂದು. ಕೊಂಡಿಗಳು ಕಳಚಿಕೊಂಡವು, ಹೊಟ್ಟೆ, ಬೆನ್ನು, ಪಕ್ಕೆ ಎಲ್ಲ ಜಾತ್ರೆಯಲ್ಲಿ ಕಳೆದುಹೋದ ಮಕ್ಕಳಂತೆ ಒಂದೊಂದಾಗಿ ಮನೆಗೆ ಬಂದವು. ಬರುತ್ತ ಹಸಿವನ್ನೂ ಕರೆತಂದವು. ಅವಳು ಮಂಚದ ಮೇಲೆ ದೊಪ್ಪನೆ ಕೂತಳು. ಬಿದ್ದ ಕರವಸ್ತ್ರಗಳನ್ನು ಎತ್ತಿ ಮುಖ ಒರೆಸಿಕೊಂಡಳು, ಮುಖ ಒದ್ದೆಯಾಗಿತ್ತು, ಒದ್ದೆಯಾಗಿರಲಿ ಎಂದು ಬಿಟ್ಟಳು.

ಗಂಡ ಫೋನ್ ಇಡಲು ಹೊರಟಿದ್ದ.

“ಇಡಬೇಡಿ,” ಎಂದಳು. “ಮೊಟ್ಟೆ ಬೇಯಿಸೋದು ಹೇಗೆ ಅಂತಾನೂ ಕೇಳ್ಕೊಳ್ಳಿ.”

ಅವನು ಅವಳನ್ನು ನೋಡಿದ, ಫೋನನ್ನು ನೋಡಿದ. ಎರಡೂ ಕಡೆಯಿಂದ ಸಹಾಯ ಬರಲಿಲ್ಲ. “ಅಮ್ಮ,” ಎಂದ, “ಮೊಟ್ಟೆ ಬೇಯಿಸೋದು ಹೇಗೆ?” ಆ ಕಡೆ ಅತ್ತೆ ಏನೋ ಹೇಳಿದರು, ಹಿಂದಿನಿಂದ ಡಾಕ್ಟ್ರು, ನೀರು ಕುದಿದ ಮೇಲೆ ಹಾಕು ಅಂತ ಹೇಳು, ಎಂದದ್ದೂ ಕೇಳಿಸಿತು. ಅವನು ತಲೆಯಾಡಿಸುತ್ತ ಅಡುಗೆಮನೆಗೆ ಹೋದ. ಕಪಾಟು ತೆಗೆದ ಸದ್ದು, ಮುಚ್ಚಿದ ಸದ್ದು, ಇನ್ನೊಂದು ತೆಗೆದ ಸದ್ದು.

“ಪಾತ್ರೆ ಎಲ್ಲಿದೆ?” ಎಂದು ಅಲ್ಲಿಂದ ಕೂಗಿದ.

ಅವಳು ಮಂಚದ ಮೇಲೆ ಕಾಲು ಚಾಚಿ ಮಲಗಿದಳು.

“ಹುಡುಕಿ,” ಎಂದಳು.